ಹೆಸರು ಹೊಲಿಸಿದ ಟಾವೆಲ್

ಧರೆಪ್ಪ ಮಗದುಮ್‌ಗೆ ಐವತ್ತೆಂಟು ವರ್ಷ ವಯಸ್ಸು, ಆರು ಎಕರೆ ಕಬ್ಬು, ಮಳೆಗಾಲದಲ್ಲಿ ಮಾತ್ರ ನೋಯುವ ಒಂದು ಮೊಣಕಾಲು. ಊರು ರಾಯಬಾಗದಿಂದ ಏಳು ಕಿಲೋಮೀಟರ್. ಕುಡಿತವಿಲ್ಲ, ಕೋರ್ಟು ಕಚೇರಿಯಿಲ್ಲ, ಮಂದಿಯ ಉಸಾಬರಿಯೂ ಅಷ್ಟಾಗಿ ಇಲ್ಲ. ಇಂಥವನ ಬಗ್ಗೆ ಹೇಳುವುದಾದರೂ ಏನು ಎಂದು ನೀವು ಕೇಳಬಹುದು. ಹೇಳುವಂಥದ್ದು ಒಂದಿದೆ. ಅವನಿಗೆ ಒಂದೇ ಒಂದು ಹಮ್ಮಿತ್ತು: ರಾಯಬಾಗದಿಂದ ಅಥಣಿಯವರೆಗೆ ತನ್ನಷ್ಟು ಒಳ್ಳೆಯ ಆಹೇರ ಕೊಡುವವನು ಇನ್ನೊಬ್ಬನಿಲ್ಲ.

ನಮ್ಮ ಕಡೆ ಲಗ್ನವಿರಲಿ, ತೊಟ್ಟಿಲಿರಲಿ, ಹೊಸ ಮನೆಯ ವಾಸ್ತುಶಾಂತಿಯಿರಲಿ, ಬಂದ ಗಂಡಸರ ಹೆಗಲಿಗೆ ಒಂದು ಟಾವೆಲ್, ತಲೆಗೆ ಒಂದು ಬಿಳಿ ಟೊಪ್ಪಿಗೆ, ಕೈಗೆ ಒಂದು ತೆಂಗಿನಕಾಯಿ ಕೊಡಲೇಬೇಕು. ಅದೇ ಆಹೇರ. ತೆಂಗಿನಕಾಯಿ ಮರುದಿನ ಚಟ್ನಿಯಾಗುತ್ತದೆ. ಟಾವೆಲ್ ಟೊಪ್ಪಿಗೆಗಳು ಟ್ರಂಕು ಸೇರುತ್ತವೆ. ಅಲ್ಲಿ ನುಸಿಗುಳಿಗೆಯ ಜೊತೆ ನಾಲ್ಕು ತಿಂಗಳು ವಿಶ್ರಾಂತಿ ಪಡೆದು, ಮುಂದಿನ ಲಗ್ನದಲ್ಲಿ ಇನ್ನೊಬ್ಬರ ಹೆಗಲೇರುತ್ತವೆ. ಅಲ್ಲಿಂದ ಮತ್ತೊಂದು ಟ್ರಂಕು, ಮತ್ತೊಂದು ಹೆಗಲು. ಹೀಗೆ ಒಂದು ಟಾವೆಲ್ ಹತ್ತು ವರ್ಷ ಊರೂರು ತಿರುಗಿ, ಒಂದು ಮುಖವನ್ನೂ ಒರೆಸದೆ ಮುಪ್ಪಾಗುತ್ತದೆ. ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಕೊಟ್ಟವನ ಹೆಗಲಿಗೇ ತಿರುಗಿ ಹೋಗಬಾರದು, ಅಷ್ಟೇ. ಅದಕ್ಕೇ ಧರೆಪ್ಪನ ಹೆಂಡತಿ ಸೀತವ್ವನಂಥ ಜಾಣೆಯರು ಪ್ರತಿ ಟಾವೆಲಿನ ಮಡಿಕೆಯಲ್ಲಿ, ಯಾರು ಕೊಟ್ಟದ್ದು ಎಂದು ಬರೆದ ಚೀಟಿ ಇಟ್ಟಿರುತ್ತಾರೆ.

ಮೂರು ವರ್ಷದ ಹಿಂದೆ ಚಿಕ್ಕೋಡಿಯ ನೆಂಟರ ಮನೆಯಲ್ಲಿ ಯಾರೋ ಒಬ್ಬಳು ಚೀಟಿ ಇಡಲು ಮರೆತಿರಬೇಕು. ತೊಟ್ಟಿಲ ಕಾರ್ಯಕ್ಕೆ ಹೋಗಿದ್ದ ಧರೆಪ್ಪನ ಹೆಗಲ ಮೇಲೆ ನೀಲಿ ಅಂಚಿನ ದಪ್ಪ ಟಾವೆಲ್ ಬಿತ್ತು. ಬೀಳುತ್ತಲೇ ಅವನಿಗೆ ಅನುಮಾನ. ಮೂಲೆ ತಿರುವಿ ನೋಡಿದ. ಮಗಳನ್ನು ಅಥಣಿಗೆ ಕೊಟ್ಟ ಲಗ್ನದಲ್ಲಿ ಅವಸರದಿಂದ ಹಂಚುವಾಗ ತನ್ನದೇ ಕುಂಕುಮದ ಬೆರಳು ತಗುಲಿದ ಗುರುತು ಅಲ್ಲೇ ಇತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬಂತೆ, ತಾನು ಆರಿಸಿ ಆರಿಸಿ ಕೊಂಡು ಕೊಟ್ಟ ಟಾವೆಲ್ ಅವನಿಗೇ ಬಂದಿತ್ತು.

ಬೇರೆಯವನಾಗಿದ್ದರೆ ನಕ್ಕು ಮರೆಯುತ್ತಿದ್ದ. ಧರೆಪ್ಪ ಮೋಟರ್‌ಸೈಕಲ್ ಹತ್ತಿ ತನಿಖೆಗೆ ಹೊರಟ. ಚಿಕ್ಕೋಡಿಯವರು ಕಾಗವಾಡದವರತ್ತ ಬೆರಳು ಮಾಡಿದರು, ಕಾಗವಾಡದವರು ಇನ್ನೊಬ್ಬರತ್ತ. ಆ ಟಾವೆಲ್ ಏಳು ಮನೆ ತಿರುಗಿತ್ತು. ಕೊನೆಗೆ ಅಥಣಿಯ ಬೀಗಿತ್ತಿ ಹೇಳಿದಳು: "ಬಾಳ ಛಲೋ ಟಾವೆಲ್ ಇತ್ತರಿ ಅಣ್ಣಾರ. ಅಂಥಾದ್ದನ್ನ ಬಳಸಾಕ ಯಾರಿಗಿ ಮನಸ ಬರತೈತಿ, ಹೇಳ್ರಿ?"

ಧರೆಪ್ಪನಿಗೆ ನಿಜವಾಗಿಯೂ ನೋವಾಯಿತು. ಮೂವತ್ತು ವರ್ಷದಿಂದ ತಾನು ಕೊಟ್ಟ ಯಾವ ಟಾವೆಲಿನಿಂದಲೂ ಯಾರೂ ಮುಖ ಒರೆಸಿಕೊಂಡಿಲ್ಲವೇ? ಅಂದೇ ಅವನ ಮನಸ್ಸಿನಲ್ಲಿ ಒಂದು ಹಟ ಕೂತಿತು. ತಾನು ಸಾಯುವುದರೊಳಗೆ ಒಬ್ಬನಾದರೂ ತನ್ನ ಟಾವೆಲಿನಿಂದ ಮುಖ ಒರೆಸಬೇಕು, ಒರೆಸುತ್ತ ತನ್ನ ಹೆಸರು ನೆನೆಯಬೇಕು.

ಹೋದ ವರ್ಷ ಹೊಸ ಮನೆ ಮುಗಿಯಿತು. ವಾಸ್ತುಶಾಂತಿಗೆ ದಿನ ಗೊತ್ತಾಯಿತು. ಧರೆಪ್ಪ ಬೋರಗಾಂವದ ಮಗ್ಗದವರ ಹತ್ತಿರ ಇನ್ನೂರು ಟಾವೆಲ್ ಕೊಂಡು ತಂದ. ನೂಲಿನ ಸುರುಳಿ ಎದ್ದು ನಿಂತ, ದಪ್ಪನೆಯ, ಮುಖ ಹುದುಗಿಸಿದರೆ ಬಿಡಲು ಮನಸ್ಸಾಗದಂಥವು. ಆಮೇಲೆ ತನ್ನ ಯೋಜನೆಯನ್ನು ಹೆಂಡತಿಗೆ ಹೇಳಿದ.

"ಪ್ರತಿ ಟಾವೆಲಿಗೂ ನನ್ನ ಹೆಸರ ಹಾಕಸ್ತೇನಿ. ಹೆಸರ ಇದ್ದದ್ದನ್ನ ಯಾರ ಮುಂದಕ್ಕ ದಾಟಸ್ತಾರ ನೋಡೂನು!"

ಸೀತವ್ವ ಹಿಟ್ಟು ನಾದುವ ಕೈ ನಿಲ್ಲಿಸಿದಳು. "ನಿಮಗೇನ ತಲಿ ಗಿಲಿ ಕೆಟ್ಟೈತೇನ್ರಿ? ಕೊಟ್ಟ ಮ್ಯಾಲ ಅದು ಅವರದು. ಬಳಸ್ತಾರ, ಇಡ್ತಾರ, ಮಂದಿಗಿ ಕೊಡ್ತಾರ. ನಿಮಗ್ಯಾಕ ಬೇಕ್ರಿ ಅದರ ಹಿಂದ ಹೋಗೋದು?"

ಧರೆಪ್ಪ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮೊಲಕ್ಕೆ ಮೂರೇ ಕಾಲು ಎಂದು ಹಿಡಿದವನಿಗೆ ನಾಲ್ಕನೆಯದನ್ನು ತೋರಿಸುವವರು ಯಾರು? ಟಾವೆಲಿನ ಗಂಟುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ನಿಪ್ಪಾಣಿಗೆ ಹೋದ.

ನಿಪ್ಪಾಣಿಯಲ್ಲಿ ಗಂಡ ಹೆಂಡತಿಯ ಒಂದು ಅಂಗಡಿಯಿತ್ತು. ಒಂದೇ ಬಾಗಿಲು, ಒಳಗೆ ಎರಡು ರಾಜ್ಯ. ಬಲಗಡೆ ಗಂಡ ವಿಶ್ವಾಸನ ಸ್ಕ್ರೀನ್ ಪ್ರಿಂಟಿಂಗ್ ಮೇಜು. ಗಣಪತಿ ಮಂಡಳಿಯವರ, ಕಬಡ್ಡಿ ತಂಡದವರ ಟೀ ಶರ್ಟುಗಳಿಗೆ ಅವನು ಅಕ್ಷರ ಚಿತ್ರ ಅಚ್ಚು ಹಾಕುತ್ತಿದ್ದ. ಎಡಗಡೆ ಹೆಂಡತಿ ಮನೀಷಾಳ ಕಂಪ್ಯೂಟರ್ ಕಸೂತಿ ಮಷೀನು. ಶಾಲೆಯ ಅಂಗಿಗಳ ಜೇಬಿಗೆ ಲಾಂಛನ, ಮದುಮಗಳ ಕುಬುಸಕ್ಕೆ ನವಿಲು ಹೊಲಿಯುತ್ತಿದ್ದಳು. ಸಂಸಾರದಲ್ಲಿ ಇಬ್ಬರೂ ಅನ್ಯೋನ್ಯ. ಗಿರಾಕಿ ಬಂದರೆ ಮಾತ್ರ ವೈರಿಗಳು.

"ಎರಡನೂರ ಟಾವೆಲ್ ಅಂದ್ರ ನಂದು ಒಂದ ದಿನದ ಕೆಲಸರಿ ಕಾಕಾ," ಅಂದ ವಿಶ್ವಾಸ. "ಫ್ರೇಮ್ ಇಡೋದು, ಬಣ್ಣ ಎಳಿಯೋದು, ಒಣಗಸೋದು. ಮುಗೀತು."

"ಇಂಥಾ ಟಾವೆಲ್ ಮ್ಯಾಲ ಬಣ್ಣ ನಿಲ್ಲಂಗಿಲ್ರಿ ಕಾಕಾ," ಅಂದಳು ಮನೀಷಾ. "ನೂಲಿನ ಸುರುಳ್ಯಾಗ ಇಳದ ಹೋಗತೈತಿ. ನಿಮ್ಮ ಹೆಸರ ಕಾಣಂಗಿಲ್ಲ, ಯಾರೋ ಪಾನ್ ಉಗಳ್ಯಾರ ಅನಸ್ತೈತಿ."

"ಹಂಗಾರ ನೀ ಹೊಲಿ! ಎರಡನೂರ ಹೊಲ್ಯಾಕ ನಿನಗ ವಾರ ಬೇಕ."

"ವಾರ ಹಿಡೀಲಿ. ಅರಿಬಿ ಹರದ ಚಿಂದಿ ಆದ್ರೂ ನಾ ಹೊಲದ ಹೆಸರ ಹೋಗಂಗಿಲ್ಲ. ನಿಂದು ಸೋಡಾದಾಗ ಕುದಿಸಿದ್ರ ಹೋಗತೈತಿ."

"ಸೋಡಾದಾಗ ಕುದಿಸಿದ್ರ ನಾನೂ ಹೋಗತೇನಿ!" ಅಂದ ವಿಶ್ವಾಸ.

ಧರೆಪ್ಪನಿಗೆ ಬೇಕಾದ ಮಾತು ಸಿಕ್ಕಿತ್ತು. ಬಟ್ಟೆ ಹರಿದರೂ ಹೆಸರು ಹೋಗುವುದಿಲ್ಲ! ಅವನು ಎಡಗಡೆಯ ರಾಜ್ಯಕ್ಕೆ ಕಾಲಿಟ್ಟು, ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಅದರಲ್ಲಿ ಬರೆದಿತ್ತು: ಶ್ರೀ ಧರೆಪ್ಪ ಮಲಕಾರಿ ಮಗದುಮ್ ಇವರ ನೂತನ ಗೃಹದ ವಾಸ್ತುಶಾಂತಿ ಸಮಾರಂಭದ ಸವಿನೆನಪಿಗಾಗಿ ಸಪ್ರೇಮ ಕಾಣಿಕೆ.

ಮನೀಷಾ ಕಾಗದ ಓದಿದಳು. ಒಂದು ಹಾಳು ಟಾವೆಲಿನ ಮೇಲೆ ಅಷ್ಟನ್ನೂ ಹೊಲಿದು ತೋರಿಸಿದಳು. ಸಣ್ಣ ಅಕ್ಷರಗಳ ಹೊಟ್ಟೆಯಲ್ಲಿ ದಾರ ತುಂಬಿ, ಒತ್ತಕ್ಷರ ಮೇಲಿನ ಸಾಲಿಗೆ ಅಂಟಿ, ಇಡೀ ವಾಕ್ಯ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಕಂಡಿತು.

"ಕಸೂತಿಗಿ ದೊಡ್ಡ ಅಕ್ಷರ ಬೇಕ್ರಿ, ಕಮ್ಮಿ ಮಾತ ಬೇಕ. ಸ್ವಲ್ಪ ಕಡಿಮಿ ಮಾಡ್ರಿ."

ಧರೆಪ್ಪ ಮೊದಲು ಸವಿನೆನಪನ್ನು ಬಿಟ್ಟ. ಆಮೇಲೆ ಕಾಣಿಕೆಯನ್ನು ಬಿಟ್ಟ. ವಾಸ್ತುಶಾಂತಿ ಹೋಯಿತು, ಗೃಹ ಹೋಯಿತು. ಮಗದುಮ್ ಅನ್ನುವ ಮನೆತನ ಬಿಡುವಾಗ ಐದು ನಿಮಿಷ ಯೋಚಿಸಿದ. ಅಪ್ಪನ ಹೆಸರು ಮಲಕಾರಿ ಬಿಡುವಾಗ ಎದೆ ಚುರ್ ಅಂತು. ಕೊನೆಗೆ ಉಳಿದದ್ದು ಮೂರೇ ಅಕ್ಷರ. ಮನೀಷಾ ಅದನ್ನು ಕೆಂಪು ದಾರದಲ್ಲಿ ನಾಲ್ಕು ಬೆರಳು ಅಗಲಕ್ಕೆ ಹೊಲಿದು ಕೊಟ್ಟಳು: ಧರೆಪ್ಪ. ಉಬ್ಬಿ ನಿಂತ ಅಕ್ಷರದ ಮೇಲೆ ಬೆರಳಾಡಿಸಿ ಅವನು ಖುಷಿಯಾದ. ಕಣ್ಣು ಮುಚ್ಚಿ ಮುಖ ಒರೆಸಿದರೂ ಹೆಸರು ಕೆನ್ನೆಗೆ ತಿಳಿಯುವಂತಿತ್ತು.

ಜೊತೆಗೆ ತಂದಿದ್ದ ಟೊಪ್ಪಿಗೆಗಳ ವಿಷಯದಲ್ಲಿ ವಿಶ್ವಾಸ ಗೆದ್ದ. ಅವುಗಳ ಬಟ್ಟೆ ತೆಳು. ಕಸೂತಿ ಹಾಕಿದರೆ ಜಗ್ಗಿ ಸುಕ್ಕಾಗುತ್ತದೆ ಎಂದು ಮನೀಷಾಳೇ ಒಪ್ಪಿಕೊಂಡಳು. ಹೀಗಾಗಿ ಇಡೀ ವಾಕ್ಯ, ಅಪ್ಪನ ಹೆಸರು ಸಮೇತ, ಇನ್ನೂರು ಟೊಪ್ಪಿಗೆಗಳ ಮೇಲೆ ಹಸಿರು ಬಣ್ಣದಲ್ಲಿ ಅಚ್ಚಾಗುವುದೆಂದು ಆಯಿತು.

ಹೊರಡುವಾಗ ಮನೀಷಾ ಬಾಗಿಲವರೆಗೆ ಬಂದಳು. "ಕಾಕಾ, ಆಹೇರದ ಟಾವೆಲ್ ಮ್ಯಾಲ ಇಲ್ಲೀತನಕ ಯಾರೂ ಹೆಸರ ಹೊಲಸಿಲ್ರಿ. ಒಮ್ಮಿ ಹೊಲದ್ರ ಬಿಚ್ಚಾಕ ಬರಂಗಿಲ್ಲ. ಇನ್ನೊಮ್ಮಿ ವಿಚಾರ ಮಾಡ್ರಿ."

"ಬಿಚ್ಚಾಕ ಬರಬಾರದಂತನ ಹೊಲಸಾಕತ್ತೇನವಾ," ಅಂದ ಧರೆಪ್ಪ.

ವಾಸ್ತುಶಾಂತಿಯ ದಿನ ಊಟ ಅದ್ಭುತವಾಗಿತ್ತು. ಹೋಳಿಗೆಯನ್ನು ಹೊಗಳುತ್ತ ಬಂದ ಜನ, ಹೆಗಲಿಗೆ ಟಾವೆಲ್ ಬಿದ್ದ ಕೂಡಲೇ ಹೋಳಿಗೆ ಮರೆಯುತ್ತಿದ್ದರು. ಮೂಲೆ ನೋಡುವರು, ಧರೆಪ್ಪನ ಮುಖ ನೋಡುವರು, ಮತ್ತೆ ಮೂಲೆ ನೋಡುವರು. ಸೀತವ್ವನ ತಮ್ಮ ತುಕಾರಾಮ ಮಾತ್ರ ಬಾಯಿ ಬಿಟ್ಟ. ಚಿಕ್ಕೋಡಿಯ ಕಡೆ ಹೊಲ ಮಾಡಿಕೊಂಡಿದ್ದ ಈ ತುಕಾರಾಮ ಒಂದು ಟಾವೆಲನ್ನೂ ಕೊಳ್ಳದೆ ಮೂರು ಹೆಣ್ಣುಮಕ್ಕಳ ಲಗ್ನ ಮಾಡಿದ ಧೀರ; ಅವನ ಟ್ರಂಕು ನಮ್ಮ ಭಾಗದಲ್ಲೇ ಹೆಸರುವಾಸಿ.

"ಏನ್ರಿ ದಾಜಿ," ಅಂದ ಅಕ್ಕನ ಗಂಡನಿಗೆ, "ಟಾವೆಲ್ ಮ್ಯಾಲ ಸಹಿ ಮಾಡಿ ಕೊಟ್ಟೀರಿ! ಇನ್ನ ಇದನ್ನ ಏನ ಮಾಡಬೇಕ್ರಿ?"

"ಮುಖ ಒರಿಸ್ಕೊ!" ಅಂದ ಧರೆಪ್ಪ.

"ಮುಖಾ?" ಅಂದ ತುಕಾರಾಮ. ಅಂಥ ಸಂಗತಿ ಅವನ ತಲೆಗೆ ಎಂದೂ ಹೊಳೆದಿರಲಿಲ್ಲ.

ಆ ವರ್ಷದ ಲಗ್ನಗಳ ಕಾಲದಲ್ಲಿ ನಮ್ಮ ಕಡೆಯ ಟ್ರಂಕುಗಳಲ್ಲಿ ಗದ್ದಲವೆದ್ದಿತು. ಸುಮಾರು ಇನ್ನೂರು ಟಾವೆಲ್ ಓಡಾಟ ಬಿಟ್ಟು ಕೂತುಬಿಟ್ಟಿದ್ದವು. ಇನ್ನೊಬ್ಬರ ಹೆಸರಿದ್ದ ಟಾವೆಲನ್ನು ಬೀಗರ ಹೆಗಲಿಗೆ ಹಾಕುವುದು ಹೇಗೆ? ಜನ ಅಂಗಡಿಗೆ ಹೋಗಿ ಹೊಸ ಟಾವೆಲ್ ಕೊಳ್ಳಬೇಕಾಯಿತು. ಹಿಟ್ಟಿನ ಗಿರಣಿಯಲ್ಲಿ ಸೀತವ್ವನನ್ನು ಕಂಡು ಹೆಂಗಸರು ಮುಖ ತಿರುಗಿಸಿದರು. ಟೊಪ್ಪಿಗೆಗಳದೇನೂ ತೊಂದರೆಯಾಗಲಿಲ್ಲ. ಎರಡು ಸಲ ಸೋಡಾದಲ್ಲಿ ಕುದಿಸಿದ ಮೇಲೆ ಗೃಹ, ಸಮಾರಂಭ, ಅಪ್ಪ ಮಲಕಾರಿ ಎಲ್ಲ ನೀರಿಗೆ ಹೋಗಿ, ಟೊಪ್ಪಿಗೆಗಳು ಹಾಲಿನಂತೆ ಬೆಳ್ಳಗಾಗಿ ಮತ್ತೆ ಊರೂರು ತಿರುಗತೊಡಗಿದವು. ತುಕಾರಾಮ ಟಾವೆಲಿಗೂ ಕೈ ಹಚ್ಚಿ ನೋಡಿದ. ಬ್ಲೇಡು ಹಿಡಿದು ಕೂತು ಇಡೀ ಮಧ್ಯಾಹ್ನ ದಾರ ಬಿಚ್ಚಿದ. ದಾರವೇನೋ ಬಂತು. ಆದರೆ ಸೂಜಿಯ ತೂತುಗಳು ಹಾಗೇ ಉಳಿದು, ಬೆಳಕಿಗೆ ಹಿಡಿದರೆ ಧರೆಪ್ಪ ಎಂದೇ ಓದಿಸುತ್ತಿದ್ದವು.

ಇಷ್ಟೆಲ್ಲ ಆದರೂ ಧರೆಪ್ಪನಿಗೆ ಬೇಕಾಗಿದ್ದದ್ದು ಸಿಗಲಿಲ್ಲ. ಮುಂದೆ ದಾಟಿಸಲಾಗದ ಟಾವೆಲನ್ನು ಜನ ಬಳಸಲೇಬೇಕಲ್ಲವೇ ಎಂಬುದು ಅವನ ಲೆಕ್ಕ. ಅದನ್ನು ಕಣ್ಣಾರೆ ನೋಡಲು ಅವನು ಒಂದು ಉಪಾಯ ಮಾಡಿದ. ಯಾರ ಮನೆಗೆ ಹೋದರೂ, ಚಪ್ಪಲಿ ಬಿಡುತ್ತಲೇ, "ಮುಖ ತೊಳಕೋತೇನಿ, ಒಂದ ಟಾವೆಲ್ ಕೊಡ್ರಿ," ಅನ್ನುತ್ತಿದ್ದ. ಒಂದೊಂದು ದಿನ ಆರು ಸಲ ಮುಖ ತೊಳೆದದ್ದೂ ಉಂಟು. ಹೋದಲ್ಲೆಲ್ಲ ಅವನ ಕೈಗೆ ಬಂದದ್ದು ಹಳೆಯ ಧೋತರದ ತುಂಡು, ಬಣ್ಣಗೆಟ್ಟ ಪಂಚೆ, ಒಂದು ಕಡೆಯಂತೂ ಸಕ್ಕರೆ ಚೀಲದ ಬಟ್ಟೆ.

"ನಾ ಕೊಟ್ಟ ಟಾವೆಲ್ ಏನಾತರಿ?" ಎಂದು ಕೇಳಿದರೆ, "ಜ್ವಾಕಿ ಇಟ್ಟೇವ್ರಿ!" ಎನ್ನುತ್ತಿದ್ದರು.

ಜೋಪಾನ ಮಾಡಿಟ್ಟಿದ್ದಾರೆ ಎನ್ನುವವರ ಮೇಲೆ ಸಿಟ್ಟಾಗುವುದು ಹೇಗೆ? ಧರೆಪ್ಪ ಒದ್ದೆ ಮುಖ ಹೊತ್ತು ಮನೆಗೆ ಬರುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವನು ಆ ಮಾತನ್ನೇ ಬಿಟ್ಟುಬಿಟ್ಟ. ಸೀತವ್ವನಿಗೂ ಪಾಪ ಅನ್ನಿಸಿ ಕೆಣಕಲಿಲ್ಲ.

ದೀಪಾವಳಿ ಮುಗಿದು ಕಬ್ಬು ಕಡಿಯುವ ಕಾಲ. ಬಿತ್ತನೆಯ ಕಬ್ಬು ನೋಡಲೆಂದು ಧರೆಪ್ಪ ಒಂದು ಬೆಳಗ್ಗೆ ತುಕಾರಾಮನ ಹೊಲಕ್ಕೆ ಹೋದ. ತುಕಾರಾಮ ಇನ್ನೂ ಬಂದಿರಲಿಲ್ಲ. ಹೊಲದಲ್ಲಿ ಕೂಲಿಯ ಹೆಂಗಸರ ಗುಂಪೊಂದು ಕಬ್ಬಿನ ಸೋಗೆ ತೆಗೆದು ಕಟ್ಟು ಕಟ್ಟುತ್ತಿತ್ತು. ಧರೆಪ್ಪ ಬದುವಿನ ಮೇಲೆ ಗಾಡಿ ನಿಲ್ಲಿಸಿ ತಲೆ ಎತ್ತಿದವನು ಹಾಗೇ ನಿಂತುಬಿಟ್ಟ.

ಹೊಲದ ತುಂಬ ಅವನ ಹೆಸರು ಓಡಾಡುತ್ತಿತ್ತು. ಬಿಸಿಲಿಗೆ ತಲೆಗೆ ಸುತ್ತಿಕೊಂಡ ಟಾವೆಲಿನ ಹಣೆಯಂಚಿನಲ್ಲಿ ಕೆಂಪು ದಾರದ ಧರೆಪ್ಪ. ಕಟ್ಟು ಹೊರುವ ಸಿಂಬಿಯಲ್ಲಿ ಸುತ್ತಿಕೊಂಡ ಅರ್ಧ ಧರೆಪ್ಪ. ಮರದ ನೆರಳಿನಲ್ಲಿ ರೊಟ್ಟಿಯ ಬುತ್ತಿಗೆ ಕಟ್ಟಿದ ಗಂಟಿನ ಮೇಲೆ ಇನ್ನೊಬ್ಬ ಧರೆಪ್ಪ. ಎಣಿಸಿದರೆ ಹದಿನಾರು ಇದ್ದವು.

ಅವನಿಗೆ ಮೊದಲು ನೆತ್ತಿಗೇರಿದ್ದು ಸಿಟ್ಟು. ಎಲ್ಲರೂ ಜ್ವಾಕಿ ಇಟ್ಟೇವ್ರಿ ಅಂದದ್ದು ಸುಳ್ಳು! ದಾಟಿಸಲಾಗದ ಟಾವೆಲನ್ನು ದೀಪಾವಳಿಗೆ ಕೂಲಿಯವರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದರು! ಅಷ್ಟರಲ್ಲಿ ಗುಂಪಿನ ಹಿರಿಯಳೊಬ್ಬಳು ಕುಡುಗೋಲು ಕೆಳಗಿಟ್ಟು, ಕೊಡದ ನೀರು ಮುಖಕ್ಕೆ ಹಾಕಿಕೊಂಡು, ತಲೆಯ ಟಾವೆಲ್ ಬಿಚ್ಚಿ ಮುಖವನ್ನು ಅದರಲ್ಲಿ ಹುದುಗಿಸಿದಳು. ಕುತ್ತಿಗೆ ಒರೆಸಿದಳು, ತೋಳು ಒರೆಸಿದಳು, ಮತ್ತೊಮ್ಮೆ ಮುಖ ಒರೆಸಿ ಹಾಯೆಂದು ಉಸಿರು ಬಿಟ್ಟಳು. ಅವಳ ಹೆಸರು ಅಕ್ಕುತಾಯಿ. ವರ್ಷಗಟ್ಟಲೆ ಈ ಗಳಿಗೆಗೆ ಕಾದಿದ್ದ ಧರೆಪ್ಪನ ಸಿಟ್ಟು ಬದುವಿನ ಮೇಲೆಯೇ ಇಳಿದುಹೋಯಿತು.

"ಟಾವೆಲ್ ಹೆಂಗೈತವಾ?" ಎಂದು ಕೇಳಿದ.

"ಏ, ಬಾಳ ಛಲೋ ಐತ್ರಿ ಅಣ್ಣಾ! ನೀರ ಹೆಂಗ ಹೀರತೈತಿ ನೋಡ್ರಿ. ಒಗದ್ರೂ ಮೆತ್ತಗ ಐತಿ. ಈ ವರ್ಷ ದೀಪಾವಳಿಗಿ ನಾವು ಕೂಲಿಗಿ ಹೋಗೋ ಐದ ಮನಿಯವರೂ ನಮ್ಮ ಗುಂಪಿಗಿ ಇದನ್ನ ಕೊಟ್ರು. ಎಲ್ಲಾರೂ ಒಂದ ಅಂಗಡ್ಯಾಗ ತಂದಾರ ಅನಸ್ತೈತಿ." ಅವಳು ಮೂಲೆಯನ್ನು ಅವನತ್ತ ಹಿಡಿದಳು. "ಧರೆಪ್ಪ ಕಂಪನಿದು. ನಮ್ಮ ತಂಗಿಗಿ ಒಂದ ಬೇಕಾಗಿತ್ತು, ಚಿಕ್ಕೋಡಿ ಬಜಾರದಾಗ ಎಲ್ಲಾ ಕೇಳಿದ್ನಿ. ಒಬ್ಬನ ಹತ್ರನೂ ಈ ಕಂಪನಿ ಮಾಲ ಇಲ್ಲಂತ! ನಿಮಗೇನರ ಗೊತ್ತೈತೇನ್ರಿ, ಎಲ್ಲಿ ಸಿಗತೈತಿ?"

ಧರೆಪ್ಪ ಗಂಟಲು ಸರಿಮಾಡಿಕೊಂಡ. "ಧರೆಪ್ಪ ಅಂದ್ರ ಕಂಪನಿ ಅಲ್ಲವಾ. ಅದು ನನ್ನ ಹೆಸರ."

ಅಕ್ಕುತಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಗುಂಪಿಗೆಲ್ಲ ಕೇಳುವಂತೆ ನಕ್ಕಳು. "ಕೇಳಿದ್ರೇನ ಬೇ! ಇವರ ಅವ್ವ ಅಪ್ಪ ಟಾವೆಲ್ ಕಂಪನಿ ಹೆಸರ ಇಟ್ಟಾರಂತ!"

ಹದಿನಾರು ಧರೆಪ್ಪಗಳು ಕುಲುಕುಲು ನಕ್ಕವು. ಹದಿನೇಳನೆಯವನು ಟಾವೆಲ್ ನೋಡಿದ, ಅವಳನ್ನು ನೋಡಿದ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅಷ್ಟರಲ್ಲಿ ತುಕಾರಾಮ ಬಂದ. ಹೊಲದ ತುಂಬ ಟಾವೆಲ್, ಬದುವಿನ ಮೇಲೆ ದಾಜಿ. ಅವನ ಮುಖ ಬಿಳಿಚಿತು. "ದಾಜಿ, ಅದೇನಾತಂದ್ರ..." ಎಂದು ಶುರುಮಾಡಿದ.

"ಮನ್ಯಾಗ ಇನ್ನ ನಾಕ ಟಾವೆಲ್ ಉಳದಾವು," ಅಂದ ಧರೆಪ್ಪ ಎದ್ದು ಧೋತರ ಕೊಡವುತ್ತ. "ಕಳಸ್ತೇನಿ. ಈ ಅಕ್ಕಾನ ತಂಗಿಗಿ ಒಂದ ಮುಟ್ಟಸು. ಕಂಪನಿಯಾವ ಕೊಟ್ಟಾನಂತ ಹೇಳು."

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡೇ ಗೂಟದತ್ತ ಕೈ ಚಾಚಿದ. ಕೈಗೆ ಬಂದದ್ದು ಹಳೆಯ ಧೋತರದ ತುಂಡು. ಅದರ ನಡುವೆ ಅಂಗೈ ಅಗಲದ ತೂತು. ಹನ್ನೆರಡು ವರ್ಷದಿಂದ ಅವನು ಮುಖ ಒರೆಸಿಕೊಳ್ಳುತ್ತಿದ್ದದ್ದು ಅದರಿಂದಲೇ. ಊರವರ ಗೂಟಗಳನ್ನೆಲ್ಲ ಇಣುಕಿ ನೋಡಿದವನು ತನ್ನ ಬಚ್ಚಲ ಗೂಟವನ್ನು ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ತಾನು ಯಾರ ಟಾವೆಲಿನಿಂದ ಮುಖ ಒರೆಸಿದ್ದೆ? ಯಾರನ್ನು ನೆನೆದಿದ್ದೆ?

ಒದ್ದೆ ಮುಖದಲ್ಲೇ ಒಳಗೆ ಹೋಗಿ, ಸೀತವ್ವನ ಟ್ರಂಕು ತೆಗೆದು, ಎಲ್ಲಕ್ಕೂ ಮೇಲಿದ್ದ ಹಳದಿ ಟಾವೆಲನ್ನು ಎಳೆದುಕೊಂಡ. ಬಚ್ಚಲಿಗೆ ಬಂದು ಕೊಡವಿದಾಗ ಮಡಿಕೆಯೊಳಗಿನ ಚೀಟಿ ನೀರಿನಲ್ಲಿ ಬಿದ್ದು, ಶಾಯಿ ಕದಡಿ ಹೋಯಿತು. ಧರೆಪ್ಪ ಮುಖವನ್ನು ಟಾವೆಲಿನಲ್ಲಿ ಹುದುಗಿಸಿದ.

ಸಪ್ಪಳಕ್ಕೆ ಸೀತವ್ವ ಓಡಿ ಬಂದಳು. "ಅಯ್ಯಯ್ಯ! ಅದು ಆಹೇರದ್ದರಿ! ಸೋಮಾರ ಕಾಗವಾಡದ ಲಗ್ನಕ್ಕಂತ ತಗದ ಇಟ್ಟಿದ್ನಿ!"

"ಯಾರ ಕೊಟ್ಟದ್ದು ಇದು?" ಟಾವೆಲಿನೊಳಗಿನಿಂದ ಕೇಳಿದ.

"ಚೀಟಿ ನೀರಾಗ ಹಾಕೀರಲ್ಲ, ಇನ್ನ ಯಾರಿಗಿ ಗೊತ್ತಾಗಬೇಕ್ರಿ!"

ಧರೆಪ್ಪ ಕುತ್ತಿಗೆ ಒರೆಸಿಕೊಂಡ, ತೋಳು ಒರೆಸಿಕೊಂಡ, ಮತ್ತೊಮ್ಮೆ ಮುಖ ಒರೆಸಿಕೊಂಡು ಆ ಟಾವೆಲನ್ನು ಗೂಟಕ್ಕೆ ಹಾಕಿದ.

"ಯಾರರ ಇರ್ಲಿ, ಪುಣ್ಯಾತ್ಮ," ಅಂದ. "ಛಲೋ ನೀರ ಹೀರತೈತಿ."